ಬ್ರೇಕಿನ ಬಿಸಿ

ವೇಗದ ಕಾರಿನ ಬ್ರೇಕು ಮಾಡುವ ಕೆಲಸ ಒಂದೇ: ಓಟವನ್ನು ಬಿಸಿಯಾಗಿಸಿ ಗಾಳಿಗೆ ಬಿಡುವುದು. ಪೆಡಲ್ ತುಳಿದೊಡನೆ ಬ್ರೇಕ್ ಆಯಿಲಿನ ಒತ್ತಡಕ್ಕೆ ಕ್ಯಾಲಿಪರ್‌ನೊಳಗಿನ ಪಿಸ್ಟನ್ ಮುಂದೆ ಸರಿಯುತ್ತದೆ. ತಿರುಗುತ್ತಿರುವ ಡಿಸ್ಕನ್ನು ಪ್ಯಾಡುಗಳು ಎರಡೂ ಪಕ್ಕದಿಂದ ಅಮುಕಿ ಹಿಡಿಯುತ್ತವೆ. ಉಜ್ಜಾಟದಲ್ಲಿ ಹುಟ್ಟಿದ ಬಿಸಿಯನ್ನೆಲ್ಲ ಮೊದಲು ನುಂಗಿಕೊಳ್ಳುವುದು ಡಿಸ್ಕು. ಮುಂದಿನ ತಿರುವು ಬರುವುದರೊಳಗೆ ಅದರಲ್ಲಿ ಆದಷ್ಟನ್ನು ಗಾಳಿಗೆ ಕೊಟ್ಟು ಅದು ಮತ್ತೆ ಸಿದ್ಧವಾಗಬೇಕು. ಬ್ರೇಕ್ ಬದಲಾಯಿಸಲು ಹೊರಟವರು ಗ್ರಾಂ, ಮಿಲಿಮೀಟರು, ಬಣ್ಣ, ಬೆಲೆ ಎಲ್ಲವನ್ನೂ ಚರ್ಚಿಸುತ್ತಾರೆ. ಇವೆಲ್ಲವೂ ಕೊನೆಗೆ ಈ ಒಂದು ಬಿಸಿಯ ಲೆಕ್ಕಕ್ಕೇ ಬಂದು ಸೇರುತ್ತವೆ.

ಲೆಕ್ಕ ಕಷ್ಟದ್ದಲ್ಲ. ಚಾಲಕ, ಪೆಟ್ರೋಲು ಸೇರಿ 1,500 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 580 ಕಿಲೋಜೂಲ್ ಶಕ್ತಿ ಬಿಸಿಯಾಗುತ್ತದೆ. ಬಚ್ಚಲೊಲೆಯ ಭಾಷೆಯಲ್ಲಿ ಹೇಳುವುದಾದರೆ, 25 ಡಿಗ್ರಿಯಲ್ಲಿರುವ 1.8 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 200 ಕಿ.ಮೀ. ವೇಗದಿಂದ ನಿಲ್ಲುವ ಅದೇ ಕಾರು ಏಳು ಲೀಟರಿಗೂ ಹೆಚ್ಚು ನೀರು ಕಾಯಿಸಬಲ್ಲದು, ಅದೂ ಆರು ಸೆಕೆಂಡಿನೊಳಗೆ. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ಹೊರೆಯಲ್ಲಿ ಸುಮಾರು ಶೇ. 70 ಪಾಲು ಮುಂದಿನ ಎರಡು ಚಕ್ರಗಳಿಗೇ ಬೀಳುತ್ತದೆ. ಎಂಟು ಕೆ.ಜಿ. ತೂಕದ ಬೀಡುಕಬ್ಬಿಣದ ಡಿಸ್ಕು ಮೊದಲ ಸಂದರ್ಭದಲ್ಲಿ 55 ಡಿಗ್ರಿಯಷ್ಟು ಬಿಸಿಯೇರಿದರೆ ಎರಡನೆಯದರಲ್ಲಿ 220 ಡಿಗ್ರಿಯಷ್ಟು ಏರುತ್ತದೆ. ರಸ್ತೆಯಲ್ಲಿ ಇಂಥ ತುಳಿತ ಅಪರೂಪ. ರೇಸ್ ಟ್ರ್ಯಾಕಿನಲ್ಲಿ ಒಂದರ ಹಿಂದೊಂದು ಬರುತ್ತಲೇ ಇರುತ್ತದೆ, ಹಿಂದಿನ ಬಿಸಿ ಆರುವ ಮೊದಲೇ ಮುಂದಿನದು ಅದರ ಮೇಲೆ ಕೂರುತ್ತದೆ.

ಇಲ್ಲಿ ಒಂದು ಸಾಮಾನ್ಯ ನಂಬಿಕೆಯನ್ನು ಬದಿಗಿಡಬೇಕಾಗುತ್ತದೆ. ದೊಡ್ಡ ಬ್ರೇಕ್ ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆ ಎಂದು ಬಹುಮಂದಿ ತಿಳಿದಿದ್ದಾರೆ. ಡಿಸ್ಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತ ಎಷ್ಟಿರಬಹುದೋ ಅಷ್ಟನ್ನೂ ಬಳಸಿಕೊಂಡರೆ 100 ಕಿ.ಮೀ. ವೇಗದ ಕಾರು 39 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಂಪನಿ ಕೊಟ್ಟ ಬ್ರೇಕೇ ಆ ಮಿತಿಯವರೆಗೆ ಹೋಗಿ, ಎಬಿಎಸ್ ಕೆಲಸ ಶುರುಮಾಡಿ ಪೆಡಲ್ ಕಾಲಡಿಯಲ್ಲಿ ಗಡಗಡ ಎನ್ನುವಂತಿದ್ದರೆ, ಅಲ್ಲಿಂದ ಮುಂದೆ ಡಿಸ್ಕಿಗೆ ಸುರಿದ ದುಡ್ಡು ಒಂದು ಮೀಟರನ್ನೂ ಉಳಿಸಿಕೊಡದು. ಹೊಸ ಡಿಸ್ಕು ಪ್ಯಾಡುಗಳ ಪ್ರಯೋಜನ ಮೊದಲ ತುಳಿತದಲ್ಲಿ ಕಾಣುವುದಿಲ್ಲ, ಹತ್ತನೆಯದರಲ್ಲಿ ಕಾಣುತ್ತದೆ. ಹತ್ತನೆಯ ಸಲವೂ ಮೊದಲ ಸಲದಷ್ಟೇ ದೂರದಲ್ಲಿ, ಅಷ್ಟೇ ನೆಚ್ಚಿಕೆಯಿಂದ ನಿಲ್ಲಿಸುವುದು ಅದರ ಗುಣ. ಮನೆಯಿಂದ ಆಫೀಸಿಗೆ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡಾಡುವ ಕಾರಿಗೆ ಅಲಾಯ್ ಚಕ್ರದ ಸಂದಿಯಿಂದ ಇಣುಕುವ ಕೆಂಪು ಕ್ಯಾಲಿಪರ್ ಕೊಡುವುದು ಹೆಚ್ಚಾಗಿ ಶೋಭೆಯನ್ನೇ.

ಡಿಸ್ಕ್ ಬ್ರೇಕು ಗೆದ್ದ ಚರಿತ್ರೆ ಹೇಳುವುದೂ ಈ ಹತ್ತನೆಯ ತುಳಿತದ ಮಾತನ್ನೇ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದು 1902ರಲ್ಲಿ. ಅವರ ಬ್ರೇಕಿನಲ್ಲಿ ಡಿಸ್ಕನ್ನು ಹಿಡಿಯುತ್ತಿದ್ದುದು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕಿವಿಗಡಚಿಕ್ಕುವ ಸದ್ದು ಬರುತ್ತಿತ್ತು. ಮುಂದಿನ ಅರ್ಧ ಶತಮಾನ ಕಾರುಗಳು ಡ್ರಮ್ ಬ್ರೇಕಿನಲ್ಲೇ ಓಡಿದವು. ಡ್ರಮ್ಮಿನ ತೊಂದರೆಯೆಂದರೆ ಬಿಸಿ ಒಳಗೇ ಕೂಡಿಬೀಳುವುದು. ಕಾದ ಡ್ರಮ್ ಹಿಗ್ಗಿ ಒಳಗಿನ ಲೈನರ್‌ಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಇಳಿಯುತ್ತದೆ. 1952ರಲ್ಲಿ ಫ್ರಾನ್ಸಿನ ರೆಂಸ್ ಟ್ರ್ಯಾಕಿನಲ್ಲಿ ಸ್ಟರ್ಲಿಂಗ್ ಮಾಸ್ ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಓಡಿಸಿ ಗೆದ್ದರು. ಮರುವರ್ಷ ಲೆ ಮಾನ್ಸ್‌ನ 24 ಗಂಟೆಯ ಓಟದಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಜೋಡಿ ಅಂಥದೇ ಜಾಗ್ವಾರ್‌ನಲ್ಲಿ ಮೊದಲು ಬಂತು. ಎರಡನೆಯ ಮತ್ತು ನಾಲ್ಕನೆಯ ಸ್ಥಾನವೂ ಸಿ-ಟೈಪ್‌ಗಳ ಪಾಲಾಯಿತು. ಎದುರಾಳಿಗಳ ಎಂಜಿನ್ ಬಡವಾಗಿರಲಿಲ್ಲ. ನೇರ ದಾರಿಯ ಕೊನೆಯಲ್ಲಿ ಅವರು ಮೊದಲೇ ಬ್ರೇಕ್ ಹಿಡಿಯಬೇಕಾಗುತ್ತಿತ್ತು, ಗಂಟೆಗಳು ಉರುಳಿದಂತೆ ಇನ್ನೂ ಮೊದಲೇ ಹಿಡಿಯಬೇಕಾಗುತ್ತಿತ್ತು. 1955ರಲ್ಲಿ ಮರ್ಸಿಡಿಸ್ ತನ್ನ ಡ್ರಮ್ ಬ್ರೇಕುಗಳ ಭಾರ ಇಳಿಸಲು ಕಾರಿನ ಹಿಂಬದಿಯಲ್ಲಿ ಗಾಳಿಗೆ ಎದ್ದುನಿಲ್ಲುವ ದೊಡ್ಡ ರೆಕ್ಕೆಯೊಂದನ್ನೇ ಕಟ್ಟಿಕೊಂಡು ಲೆ ಮಾನ್ಸ್‌ಗೆ ಬಂದಿತ್ತು. ಅದೇ ವರ್ಷ ಬಂದ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಕೊಂಡು ಸಾಮಾನ್ಯರ ಮನೆಯಂಗಳಕ್ಕೂ ಅದನ್ನು ತಂದಿತು.

ಡಿಸ್ಕಿಗೂ ಬಿಸಿ ಮೀರಬಹುದು. ಮೀರಿದಾಗ ಬ್ರೇಕು ಕೈಕೊಡುವ ಬಗೆ ಎರಡು, ಎರಡನ್ನೂ ಕಾಲೇ ಗುರುತಿಸಬಲ್ಲದು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಕಾರು ಜಗ್ಗದೆ ಮುಂದೆ ಹೋಗುತ್ತಿದ್ದರೆ ಪ್ಯಾಡು ತನ್ನ ಬಿಸಿಯ ಮಿತಿ ದಾಟಿ ಹಿಡಿತ ಕಳೆದುಕೊಂಡಿದೆ ಎಂದರ್ಥ. ಪೆಡಲ್ ಮೆತ್ತಗಾಗಿ, ತುಳಿದಷ್ಟೂ ನೆಲದತ್ತ ಇಳಿಯುತ್ತಿದ್ದರೆ ಕ್ಯಾಲಿಪರ್‌ನೊಳಗೆ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಆಯಿಲನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಕಾಲಿನ ಬಲವೆಲ್ಲ ಗುಳ್ಳೆ ಹಿಚುಕುವುದರಲ್ಲೇ ಕಳೆದುಹೋಗುತ್ತದೆ. ಮೊದಲನೆಯ ತೊಂದರೆಗೆ ಮದ್ದು ಬೇರೆ ಪ್ಯಾಡು, ಎರಡನೆಯದಕ್ಕೆ ಬೇರೆ ಆಯಿಲು. ಈ ವ್ಯತ್ಯಾಸ ತಿಳಿಯದೆ ನೇರ ಡಿಸ್ಕಿಗೆ ಕೈಹಾಕುವವರು ಖರ್ಚನ್ನು ತಿರುವುಮುರುವಾಗಿ ಆರಂಭಿಸುತ್ತಾರೆ.

ಎಲ್ಲಕ್ಕಿಂತ ಅಗ್ಗದ್ದೂ ಎಲ್ಲರೂ ಮರೆಯುವುದೂ ಆಯಿಲೇ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಜಾತಿಯದು. ಡಾಟ್ 4 ಎಂಬ ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1 ಬಗೆಯದಕ್ಕೆ ಇವು 260 ಮತ್ತು 180. ರೇಸಿಂಗಿಗೆಂದೇ ಮಾಡಿದ ಆಯಿಲುಗಳು ಹೊಸದಿದ್ದಾಗ 300 ಡಿಗ್ರಿಯನ್ನೂ ದಾಟುತ್ತವೆ, ಆದರೆ ಅವನ್ನು ಮತ್ತೆ ಮತ್ತೆ ಬದಲಾಯಿಸಬೇಕು. ಡಾಟ್ 5 ಮಾತ್ರ ಸಿಲಿಕೋನ್ ಜಾತಿ. ಹೆಸರಿನ ಹೋಲಿಕೆ ನಂಬಿ ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ವರ್ಷಾನುಗಟ್ಟಲೆ ಆಯಿಲ್ ಬದಲಿಸದ ಕಾರಿಗೆ ದುಬಾರಿ ಡಿಸ್ಕ್ ಹಾಕಿಸಿದರೆ ಗುಳ್ಳೆ ಏಳುವ ಜಾಗ ಹಾಗೇ ಉಳಿಯುತ್ತದೆ.

ಪ್ಯಾಡಿನದು ಹದದ ಪ್ರಶ್ನೆ. ರಸ್ತೆಯ ಪ್ಯಾಡು ಮುಂಜಾವದ ಚಳಿಯಲ್ಲಿ, ಮಳೆಯಲ್ಲಿ, ಮೊದಲ ತುಳಿತಕ್ಕೇ ಹಿಡಿಯಬೇಕು. ಕಿರುಚಬಾರದು, ಚಕ್ರಕ್ಕೆ ಕಪ್ಪು ಪುಡಿ ಉದುರಿಸಬಾರದು, ಡಿಸ್ಕನ್ನು ತಿನ್ನಬಾರದು. ರೇಸಿನ ಪ್ಯಾಡು ಇದೆಲ್ಲವನ್ನೂ ಬಿಟ್ಟುಕೊಟ್ಟು ಒಂದನ್ನು ಮಾತ್ರ ಪಡೆದಿರುತ್ತದೆ: ರಸ್ತೆಯ ಪ್ಯಾಡು ಸೋಲುವ ಬಿಸಿಯಲ್ಲಿ ಅದರ ಹಿಡಿತ ನೆಟ್ಟಗಿರುತ್ತದೆ. ತಣ್ಣಗಿದ್ದಾಗ ಅದು ಸೋಮಾರಿ. ಅಂಥ ಪ್ಯಾಡು ಹಾಕಿಕೊಂಡು ಬೆಳಿಗ್ಗೆ ಗೇಟು ದಾಟಿದ ಕಾರು ಮೊದಲ ಅಡ್ಡರಸ್ತೆಯಲ್ಲೇ ಎದೆ ಝಲ್ಲೆನಿಸಬಹುದು. ಇವೆರಡರ ನಡುವೆ ರಸ್ತೆಗೂ ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಒದಗುವ ಪ್ಯಾಡುಗಳಿವೆ. ಹೆಚ್ಚಿನವರಿಗೆ ಬೇಕಾದದ್ದು ಇವೇ. ಕೆಲವು ಪ್ಯಾಡುಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನ ಹಿಡಿತ. ಎಫ್ ಎಂದರೆ ಘರ್ಷಣೆಯ ಗುಣಾಂಕ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡೂ ಅಕ್ಷರ ಒಂದೇ ಆಗಿದ್ದರೆ ಬಿಸಿಗೆ ಹಿಡಿತ ಬಹಳ ಬದಲಾಗದು ಎಂಬ ಸೂಚನೆ. ಯುರೋಪಿನಲ್ಲಿ ಮಾರುವ ಬದಲಿ ಪ್ಯಾಡುಗಳಿಗೆ ಆರ್90 ಎಂಬ ನಿಯಮವಿದ್ದು, ಅವುಗಳ ಕೆಲಸ ಮೂಲ ಪ್ಯಾಡಿಗಿಂತ ಶೇ. 15ಕ್ಕೂ ಹೆಚ್ಚು ಅತ್ತಿತ್ತ ಹೋಗುವಂತಿಲ್ಲ. ಅಸಲಿ ರೇಸಿಂಗ್ ಪ್ಯಾಡಿನ ಡಬ್ಬಿಯ ಮೇಲೆ ಆ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅದು ರಸ್ತೆಗಲ್ಲ ಎಂಬುದನ್ನು ಅಲ್ಲೇ ಓದಿಕೊಳ್ಳಬೇಕು.

ಆಯಿಲ್, ಪ್ಯಾಡು ಬದಲಾದ ಮೇಲೂ ಬಿಸಿ ಹತೋಟಿಗೆ ಬರದಿದ್ದರೆ ಡಿಸ್ಕಿನ ಸರದಿ. ಯುರೋಪಿನ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ನಡೆದುಬಂದ ಒಂದು ಬದಲಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಐದನೆಯ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮುಂಭಾಗಕ್ಕೆ 312 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಡಿಸ್ಕಿನೊಂದಿಗೆ ಬರುತ್ತಿತ್ತು. ಅದರ ಅಣ್ಣನಾದ ಆರು ಸಿಲಿಂಡರಿನ ಗಾಲ್ಫ್ ಆರ್32ಕ್ಕೆ 345 ಮಿ.ಮೀ. ಅಗಲ, 30 ಮಿ.ಮೀ. ದಪ್ಪದ್ದು. ಅಣ್ಣನ ಡಿಸ್ಕು, ಕ್ಯಾಲಿಪರ್ ಮತ್ತು ಅದನ್ನು ಹಿಡಿಯುವ ಚೌಕಟ್ಟು ಮೂರೂ ತಮ್ಮನಿಗೆ ಕೂರುತ್ತವೆ. ಪ್ಯಾಡು ಅಮುಕುವ ಜಾಗ ಚಕ್ರದ ನಡುವಿನಿಂದ ಸುಮಾರು 16 ಮಿ.ಮೀ. ಆಚೆ ಸರಿಯುವುದರಿಂದ ಅದೇ ಒತ್ತಿಗೆ ಹಿಡಿತ ಶೇ. 10ಕ್ಕೂ ಮಿಕ್ಕಿ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಲಾಭ ಕಬ್ಬಿಣದ ತೂಕ ಹೆಚ್ಚುವುದು: ಅಷ್ಟೇ ಬಿಸಿ ಹೆಚ್ಚು ಲೋಹಕ್ಕೆ ಹಂಚಿಹೋಗಿ ಡಿಸ್ಕು ಅಷ್ಟು ಕಾಯುವುದಿಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಶ್ಲೈಫ್ 20.8 ಕಿ.ಮೀ. ಉದ್ದದ ಬೆಟ್ಟದ ಟ್ರ್ಯಾಕು. ಶ್ವೆಡೆನ್‌ಕ್ರಾಯ್ಟ್ಸ್‌ನಿಂದ ಪೂರ್ಣ ವೇಗದಲ್ಲಿ ಬಂದು ಆರೆಂಬರ್ಗ್ ತಿರುವಿಗೆ ತುಳಿಯುವಾಗ ಈ ಹೆಚ್ಚಿನ ಲೋಹಕ್ಕೆ ಬೆಲೆ ಬರುತ್ತದೆ. ಲಾಭಕ್ಕೆ ಬಡ್ಡಿಯೂ ಇದೆ. 16 ಇಂಚಿನ ಚಕ್ರ ಆ ಕ್ಯಾಲಿಪರ್‌ಗೆ ತಗಲುತ್ತದೆ, 17 ಇಂಚಿನದು ಬೇಕು. ಚಕ್ರದ ಜೊತೆ ಕುಣಿಯುವ, ಸ್ಪ್ರಿಂಗಿನ ಆಧಾರವಿಲ್ಲದ ತೂಕ ಹೆಚ್ಚಾದಷ್ಟೂ ಹಳ್ಳದಿಣ್ಣೆಯ ರಸ್ತೆಯಲ್ಲಿ ಕಾರು ಒರಟಾಗುತ್ತದೆ.

ಡಿಸ್ಕಿನ ಮೈಯ ಅಲಂಕಾರದ ಬಗ್ಗೆ ಅಂಗಡಿಯಲ್ಲಿ ಮಾತು ಹೆಚ್ಚು. ಎರಡು ತಟ್ಟೆಗಳ ನಡುವೆ ಗಾಳಿ ಹಾಯುವ ಸಂದುಗಳಿರುವ ಡಿಸ್ಕು ವೇಗದ ಕಾರಿನ ಮುಂಭಾಗಕ್ಕೆ ಬೇಕೇ ಬೇಕು. ಬಾಗಿದ ರೆಕ್ಕೆಗಳಿರುವ ಡಿಸ್ಕಿಗೆ ಎಡ, ಬಲ ಬೇರೆಬೇರೆ. ನಡುವಿನಿಂದ ಅಂಚಿಗೆ ಬರುತ್ತಾ ರೆಕ್ಕೆ ತಿರುಗುವ ದಿಕ್ಕಿಗೆ ಹಿಂದಾಗಿ ಬಾಗಿರಬೇಕು. ಆಗ ಅದು ಒಳಗಿನ ಗಾಳಿಯನ್ನು ಹೊರಕ್ಕೆ ಎಸೆಯುತ್ತದೆ. ಮೇಲಿನ ಗೀರುಗಳ ದಿಕ್ಕು ನೋಡಿ ಕೂರಿಸಿದರೆ ಇದು ತಪ್ಪುವ ಸಂಭವ ಉಂಟು. ಗೀರುಗಳು ಪ್ಯಾಡಿನ ಮುಖವನ್ನು ಹೆರೆದು ತಾಜಾ ಇಡುತ್ತವೆ, ಜೊತೆಗೆ ಒಂದಿಷ್ಟು ಗುರುಗುರು ಸದ್ದನ್ನೂ ಪ್ಯಾಡಿನ ಸವೆತವನ್ನೂ ತರುತ್ತವೆ. ತೂತು ಕೊರೆದ ಡಿಸ್ಕು ನೋಡಲು ಚೆಂದ, ಮಳೆಯಲ್ಲಿ ನೀರು ಬೇಗ ಬಿಡುತ್ತದೆ, ತುಸು ಹಗುರ. ಟ್ರ್ಯಾಕಿನ ಬಿಸಿ-ತಂಪಿನ ಏರಿಳಿತಕ್ಕೆ ಮಾತ್ರ ಮೊದಲ ಬಿರುಕು ಆ ತೂತುಗಳ ಅಂಚಿನಲ್ಲೇ ಹುಟ್ಟುತ್ತದೆ. ಮತ್ತೆ ಮತ್ತೆ ಟ್ರ್ಯಾಕಿಗೆ ಹೋಗುವ ಕಾರಿಗೆ ಗೀರಿನದೋ ಸಾದಾ ಮೈಯದೋ ಸಾಕು.

ಇನ್ನೂ ಮೇಲಿನ ದರ್ಜೆಯಲ್ಲಿ ಎರಡು ತುಂಡಿನ ಡಿಸ್ಕುಗಳಿವೆ: ಹೊರಗೆ ಕಬ್ಬಿಣದ ಬಳೆ, ನಡುವೆ ಅಲ್ಯೂಮಿನಿಯಂ ಟೋಪಿ. 345 ಮಿ.ಮೀ. ಡಿಸ್ಕು 300 ಡಿಗ್ರಿ ಕಾದರೆ ಅದರ ಅಗಲ ಒಂದು ಮಿ.ಮೀ.ಗೂ ತುಸು ಹೆಚ್ಚು ಹಿಗ್ಗುತ್ತದೆ. ಒಂದೇ ಎರಕದ ಡಿಸ್ಕಿನಲ್ಲಿ ತಣ್ಣಗಿರುವ ನಡುಭಾಗ ಈ ಹಿಗ್ಗುವಿಕೆಯನ್ನು ತಡೆಹಿಡಿಯುವುದರಿಂದ ಬಳೆ ತಟ್ಟೆಯಂತೆ ಒಂದು ಪಕ್ಕಕ್ಕೆ ವಾಲುತ್ತದೆ. ಎರಡು ತುಂಡಿನದರಲ್ಲಿ ಬಳೆಗೆ ಸರಿದಾಡುವ ಅವಕಾಶವಿದೆ, ತೂಕವೂ ಕಡಿಮೆ. ಬಳೆಯನ್ನು ಟೋಪಿಗೆ ಜೋಡಿಸುವ ತೇಲುವ ಗುಬುಟುಗಳು ಸವೆದಾಗ ಟಕಟಕ ಶಬ್ದ ಮಾಡುತ್ತವೆ. ಕಾರ್ಬನ್-ಸೆರಾಮಿಕ್ ಡಿಸ್ಕು ಕಬ್ಬಿಣದ ಅರ್ಧದಷ್ಟೇ ತೂಗುತ್ತದೆ, ಬೆಲೆ ಮಾತ್ರ ಎದೆ ಹಿಡಿಯುವಂಥದು.

ಕ್ಯಾಲಿಪರ್ ವಿಷಯದಲ್ಲಿ ಪಿಸ್ಟನ್ನುಗಳ ಎಣಿಕೆಗಿಂತ ಹೊಂದಾಣಿಕೆ ಮುಖ್ಯ. ಎದುರುಬದುರು ಪಿಸ್ಟನ್ನುಗಳಿರುವ ಸ್ಥಿರ ಕ್ಯಾಲಿಪರ್ ಬಾಗುವುದು ಕಡಿಮೆ, ಪ್ಯಾಡನ್ನು ಸಮನಾಗಿ ಸವೆಸುತ್ತದೆ. ಆದರೆ ಪಿಸ್ಟನ್ನುಗಳ ಒಟ್ಟು ವಿಸ್ತೀರ್ಣ ಹೆಚ್ಚಿದಷ್ಟೂ ಮಾಸ್ಟರ್ ಸಿಲಿಂಡರು ಹೆಚ್ಚು ಆಯಿಲ್ ತಳ್ಳಬೇಕು, ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮುಂದಿನ ಬ್ರೇಕನ್ನು ಮಾತ್ರ ಬಲಪಡಿಸಿದರೆ ಹಿಂದುಮುಂದಿನ ಪಾಲು ತಪ್ಪುತ್ತದೆ. ಮುಂದಿನ ಟೈರುಗಳು ಬೇಗನೆ ಮಿತಿ ಮುಟ್ಟಿ ಎಬಿಎಸ್ ಎದ್ದುಕೊಳ್ಳುತ್ತದೆ, ಹಿಂದಿನವು ಅರ್ಧ ಕೆಲಸದಲ್ಲೇ ಉಳಿಯುತ್ತವೆ. ದುಬಾರಿ ಬ್ರೇಕಿನ ಕಾರು ಮೊದಲಿಗಿಂತ ದೂರ ಹೋಗಿ ನಿಂತರೂ ಅಚ್ಚರಿಯಿಲ್ಲ. ಒಂದೇ ಕಂಪನಿಯ ದೊಡ್ಡ ಮಾದರಿಯ ಭಾಗಗಳನ್ನು ಆರಿಸುವವರು ಈ ಕಾರಣಕ್ಕೇ ಜಾಣರು. ಕಾನೂನೂ ಇಲ್ಲಿ ಬಾಯಿಹಾಕುತ್ತದೆ. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನು ತಪಾಸಣೆಗೆ ಒಪ್ಪಿಸಿ ಕಾರಿನ ದಾಖಲೆಯಲ್ಲಿ ಬರೆಸಿಕೊಳ್ಳಬೇಕು. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ ವಿವರಗಳಿಗೆ ಹೊರತಾದ ಮಾರ್ಪಾಟಿಗೆ ಕಡಿವಾಣ ಹಾಕುತ್ತದೆ. ಹಾಗಾಗಿ ಮೂಲ ಅಳತೆಯ ಒಳ್ಳೆಯ ಡಿಸ್ಕು, ಒಳ್ಳೆಯ ಪ್ಯಾಡು, ಹೊಸ ಆಯಿಲ್ ಎಂಬ ಮೂರರ ಕೂಟ ಇಲ್ಲಿನ ರಸ್ತೆಗೆ ನಿರಾತಂಕದ ದಾರಿ.

ಜೋಡಣೆಯಲ್ಲಿ ಕೆಲಸ ಕೆಡುವುದು ಸಣ್ಣ ಜಾಗಗಳಲ್ಲಿ. ಗಾಲ್ಫ್‌ನ ಡಿಸ್ಕನ್ನು ಹಬ್ಬಿಗೆ ಹಿಡಿದಿಡುವುದು ಒಂದೇ ಒಂದು ಪುಟ್ಟ ಸ್ಕ್ರೂ. ಅದು ವರ್ಷಗಳ ತುಕ್ಕಿನಲ್ಲಿ ಬೆಸೆದುಕೊಂಡು, ಅವಸರದ ಕೈಗೆ ಸಿಕ್ಕಿ ತಲೆ ಸವೆದು, ಹತ್ತು ನಿಮಿಷದ ಕೆಲಸವನ್ನು ಅರ್ಧ ದಿನಕ್ಕೆ ಎಳೆಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದು, ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಡುವುದು ಅನುಭವಿ ಮೆಕ್ಯಾನಿಕ್‌ಗಳ ಕ್ರಮ. ಕಳಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನ ಮೇಲೆ ಜೋತುಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವ ತನಕ ಉಜ್ಜಬೇಕು: ಅಲ್ಲಿ ಉಳಿದ ತುಕ್ಕಿನ ಚೂರು ಡಿಸ್ಕಿನ ಅಂಚಿನಲ್ಲಿ ಓಲಾಟವಾಗಿ ಕಾಣಿಸಿಕೊಳ್ಳುತ್ತದೆ. ಹೊಸ ಡಿಸ್ಕಿನ ಮೇಲಿನ ಎಣ್ಣೆಯ ಲೇಪವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಬೇಕು. ಹೊಸ ಪ್ಯಾಡಿಗೆ ಜಾಗಮಾಡಲು ಪಿಸ್ಟನ್ನನ್ನು ಹಿಂದೆ ಒತ್ತಿದಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಉಕ್ಕಿದರೆ ಪೇಂಟು ತಿನ್ನುತ್ತದೆ. ಹಿಂದಿನ ಚಕ್ರದ, ಹ್ಯಾಂಡ್ ಬ್ರೇಕ್ ಸೇರಿದ ಪಿಸ್ಟನ್ನನ್ನು ಒತ್ತಿದರೆ ಸಾಲದು, ತಿರುಗಿಸುತ್ತಾ ಒತ್ತಬೇಕು. ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲ್ ಮೇಲ್ಗಡೆಗೇ ಇರಬೇಕು. ಎಡದ್ದು ಬಲಕ್ಕೆ ಹೋದರೆ ಅದು ಕೆಳಗೆ ಬಂದು, ಎಷ್ಟು ಸಲ ಏರ್ ತೆಗೆದರೂ ಪೆಡಲ್ ಮೆತ್ತಗೇ ಉಳಿಯುತ್ತದೆ. ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್-ಮೀಟರಿಗೆ ಬಿಗಿದು, ಕಾರು ಕದಲಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಮೊದಲ ಒಂದೆರಡು ತುಳಿತಕ್ಕೆ ಅದು ನೆಲ ಮುಟ್ಟುವುದು ಸಹಜ. ಅದನ್ನು ಗ್ಯಾರೇಜಿನ ಗೋಡೆಯೆದುರು ಕಂಡುಕೊಳ್ಳಬಾರದು.

ಜೋಡಿಸಿದ ಮೇಲೆ ಹೊಸ ಪ್ಯಾಡಿಗೂ ಹೊಸ ಡಿಸ್ಕಿಗೂ ಪರಿಚಯ ಮಾಡಿಸಬೇಕು. ಖಾಲಿ ರಸ್ತೆಯಲ್ಲಿ 100 ಕಿ.ಮೀ. ವೇಗದಿಂದ 20ರ ಆಸುಪಾಸಿಗೆ ಬಿಗಿಯಾಗಿ ಇಳಿಸುವುದು, ಮತ್ತೆ ವೇಗ ಹಿಡಿಯುವುದು, ಹೀಗೆ ಎಂಟ್ಹತ್ತು ಸಲ. ಪೂರ್ತಿ ನಿಲ್ಲಿಸಬಾರದು. ಆಮೇಲೆ ಹತ್ತು ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಬೇಕು. ನಡುವೆ ಘಾಟು ವಾಸನೆ ಬರುತ್ತದೆ, ಕೆಲವೊಮ್ಮೆ ಹೊಗೆಯೂ ಕಾಣುತ್ತದೆ. ಪ್ಯಾಡಿನೊಳಗಿನ ಅಂಟು ಮೊದಲ ಸಲ ಕಾದು ಹೊರಬರುವ ಅನಿಲ ಅದು; ಈ ಹಂತದಲ್ಲಿ ಹಿಡಿತ ತುಸು ಜಾರುವುದುಂಟು. ಈ ಕ್ರಮದಲ್ಲಿ ಡಿಸ್ಕಿನ ಮೇಲೆ ಪ್ಯಾಡಿನ ತೆಳುವಾದ, ಸಮನಾದ ಪೊರೆ ಕೂರುತ್ತದೆ. ಕಾದ ಬ್ರೇಕಿನಲ್ಲಿ ನಿಂತು ಪೆಡಲ್ ಒತ್ತಿಹಿಡಿದರೆ ಪ್ಯಾಡಿನ ಆಕಾರದ ಕಲೆ ಒಂದೇ ಕಡೆ ಅಂಟಿಕೊಳ್ಳುತ್ತದೆ. ಮುಂದೆ ಬ್ರೇಕ್ ಹಿಡಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬೆಂಡಾಗಿದೆ ಎಂಬ ತೀರ್ಪು ಹೊರಡುತ್ತದೆ. ರೇಸಿಂಗ್ ಎಂಜಿನಿಯರ್ ಕ್ಯಾರಲ್ ಸ್ಮಿತ್ ಬಹಳ ಹಿಂದೆಯೇ ಬಿಡಿಸಿ ಹೇಳಿದ್ದಂತೆ, ಬೆಂಡಾಯಿತೆಂದು ಎಸೆಯುವ ಡಿಸ್ಕುಗಳಲ್ಲಿ ಬಹುಪಾಲು ಬೆಂಡಾಗಿರುವುದಿಲ್ಲ, ಪ್ಯಾಡಿನ ಪೊರೆ ಏರುಪೇರಾಗಿರುತ್ತದೆ.

ಬದಲಾಯಿಸಿದ್ದು ಸಾಕೋ ಇಲ್ಲವೋ ಎಂಬುದನ್ನು ಬಿಸಿಯನ್ನೇ ಕೇಳಬಹುದು. ಡಿಸ್ಕಿನ ಹೊರ ಅಂಚಿಗೆ ಹಸಿರು, ಕಿತ್ತಳೆ, ಕೆಂಪು ಎಂಬ ಮೂರು ವಿಶೇಷ ಬಣ್ಣಗಳ ಗೆರೆ ಎಳೆದಿಡುತ್ತಾರೆ. ಹಸಿರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬದಲಿಸುತ್ತದೆ. ಟ್ರ್ಯಾಕಿನಿಂದ ಬಂದ ಮೇಲೆ ಗೆರೆ ನೋಡಿದರೆ ಡಿಸ್ಕು ಎಲ್ಲಿಯವರೆಗೆ ಕಾದಿತ್ತು ಎಂದು ತಿಳಿಯುತ್ತದೆ, ಅದಕ್ಕೆ ತಕ್ಕ ಪ್ಯಾಡು ಆರಿಸಬಹುದು. ಬೆಂಗಳೂರಿನಿಂದ ಇರುಂಗಾಟ್ಟುಕೋಟ್ಟೈಯ 3.7 ಕಿ.ಮೀ. ಟ್ರ್ಯಾಕಿಗೆ ರಸ್ತೆಯ ಕಾರನ್ನೇ ಓಡಿಸಿಕೊಂಡು ಹೋಗುವವರಿಗೆ ಚೆನ್ನೈ ಬದಿಯ ಸೆಖೆಯಲ್ಲಿ ಈ ಗೆರೆಗಳು ಒಳ್ಳೆಯ ಸಾಕ್ಷಿ. ಘಾಟಿ ಇಳಿಯುವವರ ಲೆಕ್ಕ ಬೇರೆ. 1,500 ಕೆ.ಜಿ. ಕಾರು 500 ಮೀಟರ್ ಎತ್ತರದಿಂದ ಇಳಿದರೆ 7,300 ಕಿಲೋಜೂಲಿಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ, ಅಂದರೆ 200 ಕಿ.ಮೀ. ವೇಗದಿಂದ ಮೂರು ಸಲ ನಿಂತಷ್ಟು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಅದಕ್ಕೆ ಮದ್ದು ಹೊಸ ಡಿಸ್ಕಲ್ಲ, ಎರಡನೆಯ ಗೇರು; ಶಕ್ತಿಯ ಬಹುಪಾಲನ್ನು ಎಂಜಿನ್ನೇ ತಡೆಯುತ್ತದೆ.

ಉಳಿದದ್ದು ತಪಾಸಣೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೈಮೇಲೇ ಕೆತ್ತಿರುತ್ತಾರೆ, 25 ಮಿ.ಮೀ. ಡಿಸ್ಕಿಗೆ ಅದು 22, 30ರದಕ್ಕೆ 27. ಪ್ಯಾಡಿನ ತಿರುಳು ಮೂರು ಮಿ.ಮೀ.ಗೆ ಬಂದರೆ ಬದಲಾಯಿಸಬೇಕು. ಟ್ರ್ಯಾಕಿಗೆ ಹೋಗುವ ಕಾರಿನಲ್ಲಿ ಇನ್ನೂ ಮೊದಲೇ, ಏಕೆಂದರೆ ತೆಳುವಾದ ಪ್ಯಾಡು ಬಿಸಿಯನ್ನು ನೇರವಾಗಿ ಆಯಿಲಿಗೆ ದಾಟಿಸುತ್ತದೆ. ಡಿಸ್ಕಿನ ಮೈಮೇಲಿನ ಕೂದಲೆಳೆಯಂಥ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ; ಗೆರೆ ಹೊರ ಅಂಚನ್ನು ಮುಟ್ಟಿದರೆ, ಇಲ್ಲವೇ ಉಗುರಿಗೆ ಸಿಕ್ಕರೆ ಆ ಡಿಸ್ಕಿನ ಆಯಸ್ಸು ಮುಗಿಯಿತು. ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಯಾವಾಗಲೂ ಒಂದೇ ಅಚ್ಚಿನ ಎರಡೂ ಚಕ್ರಗಳಿಗೆ ಜೋಡಿಯಾಗಿಯೇ ಬದಲಾಯಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.